ಹೆಪ್ಪು ಹಾಕಿದಷ್ಟು ಬೆಳಕು

ಹತ್ತೂವರೆಗೆ ಮುಂಚೆ ಇಲ್ಲಿ ಯಾವ ಹೂವೂ ಏಳುವುದಿಲ್ಲ.
ಲೀಲಿಫಾಂಟೇನಿನ ಬಂಡೆಗಳ ಮೇಲೆ ಚಳಿ ಇನ್ನೂ ಕೂತಿರುತ್ತದೆ.
ಡ್ರುಸಿಲಾ ಚಿಕ್ಕಮ್ಮ ಪಿಕಪ್ಪಿನ ಬಾನೆಟ್ಟಿಗೆ ಬೆನ್ನು ಕೊಟ್ಟು
ಫ್ಲಾಸ್ಕಿನ ಕಾಫಿ ಕುಡಿಯುತ್ತಾಳೆ, ಕಾಯುತ್ತಾಳೆ.
ಒಮ್ಮೆ ಬೇಜಾರಾಗಿ ನಾನು
ಮುಚ್ಚಿದ ಮೊಗ್ಗೊಂದರ ಮುಖಕ್ಕೆ ಫ್ಲ್ಯಾಶ್ ಹೊಡೆದೆ.
ಎರಡು ಸಲ. ಮೂರು ಸಲ.
ಅದು ರೆಪ್ಪೆ ಕೂಡ ಅಲುಗಿಸಲಿಲ್ಲ.
‘ಸೂರ್ಯ ಯಾರು ಅಂತ ಅದಕ್ಕೆ ಗೊತ್ತು,’ ಅಂದಳು,
‘ಬ್ಯಾಟರಿ ಹಾಳು ಮಾಡಬೇಡ.’

ಆಮೇಲೆ ಇಡೀ ಇಳಿಜಾರು ಕಿತ್ತಳೆ.
ಎಲ್ಲವೂ ಒಂದೇ ಕಡೆ ನೋಡುತ್ತವೆ.
ಕೇಪ್‌ಟೌನಿನಿಂದ ಬಸ್ಸಿನಲ್ಲಿ ಬಂದವರು
ಸೂರ್ಯನಿಗೆ ಬೆನ್ನು ಮಾಡಿ ನಿಂತು
ಹೂವಿನ ಮುಖ ತೆಗೆದುಕೊಂಡು ಹೋಗುತ್ತಾರೆ.
ಚಿಕ್ಕಮ್ಮ ಹಿತ್ತಲ ಕಡೆಯಿಂದ ಹೋಗುತ್ತಾಳೆ,
ಹೊಟ್ಟೆಯ ಮೇಲೆ ಮಲಗಿ, ಆಡಿನ ಹಿಕ್ಕೆಗಳ ನಡುವೆ ಮೊಣಕೈ ಊರಿ.
ಅಲ್ಲಿಂದ ಎಸಳೊಳಗೆ ಬಿಸಿಲು ಹರಿಯುವುದು ಕಾಣುತ್ತದೆ,
ನರ ನರ ಕಾಣುತ್ತದೆ.
ಆದರೆ ತೊಟ್ಟು ಕಪ್ಪು, ತೊಟ್ಟಿನ ನವಿರು ಕೂದಲು ಕಪ್ಪು.
ಅಲ್ಲಿಗೆ ನಾನು ಬೇಕು.

ಕೈ ಚಾಚಿ ಫ್ಲ್ಯಾಶ್ ಹಿಡಿಯುವುದು ನನ್ನ ಕೆಲಸ.
ಎಡಕ್ಕೆ, ಇನ್ನೂ ಎಡಕ್ಕೆ, ನಿನ್ನ ನೆರಳು ತೆಗಿ ಮಾರಾಯ.
ಅದರ ಬಾಯಿಗೆ ಹಳೆ ದಿಂಬಿನ ಗವುಸು, ಎರಡು ಮಡಿಕೆ.
ಹೊತ್ತು ಇಳಿದರೆ ಮೇಲೊಂದು ಕಿತ್ತಳೆ ಟಾಫಿ ಕಾಗದ
(ಟಾಫಿ ತಿನ್ನುವುದೂ ಕೆಲಸದಲ್ಲಿ ಸೇರಿದೆ).
ಶಟರು ಸೂರ್ಯನ ಲೆಕ್ಕ, ಅಪರ್ಚರು ನಿನ್ನ ಲೆಕ್ಕ,
ಎರಡು ಮನೆಯ ಖರ್ಚು ಒಂದೇ ಪುಸ್ತಕದಲ್ಲಿ ಬರೆಯಬೇಡ.
ಆಕಾಶ ಒಂದು ಮೆಟ್ಟಿಲು ಕೆಳಗಿಳಿಯಲಿ.
ನೀನು ಎಂಟರಲ್ಲಿ ಒಂದು ಪಾಲು. ಬೇಡ, ಹದಿನಾರರಲ್ಲಿ ಒಂದು.
ಸೋರೆಬುರುಡೆಯ ಆಡಿನ ಹಾಲಿಗೆ
ಮೀಟಾ ಅಜ್ಜಿ ಹೆಪ್ಪು ಹಾಕುತ್ತಾಳಲ್ಲ, ಅಷ್ಟು.
ಹಾಕಿದ್ದು ಗೊತ್ತಾಗಬಾರದು. ಹಾಲು ನಿಂತರೆ ಸಾಕು.

ಅಜ್ಜಿಯೂ ಅವತ್ತು ಬಂದಿದ್ದಳು, ಮಂಡಿಗೆ ಬಿಸಿಲು ಕಾಯಿಸಲು.
ಕ್ಯಾಮೆರಾ ತನ್ನತ್ತ ತಿರುಗಿದರೆ ಕುಲಾವಿ ಮುಂದಕ್ಕೆಳೆಯುತ್ತಾಳೆ.
ಅವಳದೊಂದೇ ಫೋಟೋ ಇದೆ ಮನೆಯಲ್ಲಿ:
ಹತ್ತೊಂಬತ್ತರ ಹುಡುಗಿ, ಗುರುತಿನ ಚೀಟಿ,
ಕಚೇರಿಯ ಗೋಡೆ, ನೇರ ಹಣೆಗೆ ಹೊಡೆದ ಬೆಳಕು.
ಮೂಗಿಗೆ ನೆರಳಿಲ್ಲ, ಕೆನ್ನೆಗೆ ಮೂಳೆಯಿಲ್ಲ,
ಕೋಳಿ ಕದ್ದು ಸಿಕ್ಕಿಬಿದ್ದವಳ ಕಣ್ಣು ಮಾತ್ರ.
‘ಜನಾಂಗ ಅಂತ ಒಂದು ಖಾನೆ ಇತ್ತು,
ನನ್ನ ಕೇಳದೆ ಅವರೇ ತುಂಬಿಕೊಂಡರು.
ನನಗೋ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ,
ಬಾಗಿಲು ಅಂತ ಗೋಡೆಗೆ ನಡೆದೆ.’
ಹೇಳಿ ನಕ್ಕಳು. ಚಿಕ್ಕಮ್ಮ ನಗಲಿಲ್ಲ.

ನಾಲ್ಕಕ್ಕೆ ಗಾಳಿ ಎದ್ದಿತು, ಹೂಗಳು ಅಂಗಡಿ ಮುಚ್ಚತೊಡಗಿದವು.
ಬಂಡೆ ಸಂದಿಯದೊಂದು ಇನ್ನೂ ಅರ್ಧ ತೆರೆದಿತ್ತು;
ಒಳಗೊಂದು ಜೀರುಂಡೆ, ಮೈತುಂಬ ಪರಾಗ,
ರಾತ್ರಿಯ ಬಾಡಿಗೆ ಮುಂಗಡ ಕೊಟ್ಟವನ ಹಾಗೆ ಕಾಲು ಚಾಚಿತ್ತು.
ಹೂವು ನಿಲ್ಲುತ್ತಿಲ್ಲ. ಒಂದೂ ಸರಿ ಬರುತ್ತಿಲ್ಲ.
ಅಜ್ಜಿ ಏನೂ ಹೇಳದೆ ಬಂದು ಮಂಡಿಯೂರಿದಳು,
ಎರಡೂ ಅಂಗೈ ಗಾಳಿಗೆ ಅಡ್ಡ ಹಿಡಿದಳು,
ಹಣತೆಗೆ ಹಿಡಿಯುವ ಹಾಗೆ.
ಕೈ ಚೌಕಟ್ಟಿನೊಳಗೆ ಬಂತು. ನಾನು ‘ಅಜ್ಜೀ’ ಅಂದೆ.
‘ಬಾಯಿ ಮುಚ್ಚಿ ಬಲಕ್ಕೆ ಹೋಗು,’ ಅಂದಳು ಚಿಕ್ಕಮ್ಮ,
ಮೊದಲ ಸಲ ಬಲಕ್ಕೆ.

ಒಂದು ಚಿಟಿಕೆ. ಟಾಫಿ ಬಣ್ಣದ್ದು.

ಪುಟ್ಟ ಪರದೆಗೆ ಮೂವರೂ ತಲೆ ಸೇರಿಸಿದೆವು:
ಬೆಟ್ಟದಾಚೆ ಕಡುವಾದ ಆಕಾಶ, ಅದು ಸೂರ್ಯನ ಪಾಲು;
ಎಸಳಿನ ಅಂಚು; ಜೀರುಂಡೆಯ ಬೆನ್ನು;
ಮತ್ತೆ ಆ ಕೈ. ಗೆಣ್ಣು, ಒಲೆ ಸುಟ್ಟ ಕಲೆ.
ಬೆರಳ ಸಂದಿಯ ನೆರಳು ನೆರಳಾಗಿಯೇ ಇತ್ತು,
ಒಳಗೆ ಚರ್ಮ ಇದೆ ಅಂತ ಮಾತ್ರ ಕಾಣುತ್ತಿತ್ತು.
ಅಜ್ಜಿ ಬಹಳ ಹೊತ್ತು ನೋಡಿದಳು.
‘ಬೆಳಕು ಬಿದ್ದದ್ದೇ ಗೊತ್ತಾಗಲಿಲ್ಲ,’ ಅಂದಳು. ಆಮೇಲೆ,
‘ಹೂವಿನ ಹೆಸರು ಬರೆದುಕೊಳ್ಳಿ. ನನ್ನದು ಬೇಡ.’

ಪಿಕಪ್ಪಿನಲ್ಲಿ ಟಾಫಿ ಒಂದೇ ಉಳಿದಿತ್ತು.
ಅವಳೇ ಬಿಡಿಸಿ ಬಾಯಿಗೆ ಹಾಕಿಕೊಂಡಳು,
ಕಾಗದವನ್ನು ತೊಡೆಯ ಮೇಲಿಟ್ಟು
ಉಗುರಿನಿಂದ ನೀವಿ ನೀವಿ ಸುಕ್ಕು ತೆಗೆದು
ನನ್ನ ಜೇಬಿಗೆ ಇಟ್ಟಳು, ನಾಳೆಗೆ.